ಬಲಬದಿಯ ಉಕ್ಕಿನ ಮರೆ

ಯಾರ್ಡ್ ವಸತಿಗೃಹ
12 ಜನವರಿ 2024

ಅಪ್ಪಾ,

ಜೈ ಜಿನೇಂದ್ರ. ನಿಮಗೂ ಅವ್ವನಿಗೂ ನಮಸ್ಕಾರ.

ಈ ಕಾಗದ ತಂದುಕೊಡುವವನ ಹೆಸರು ದುರಗೇಶ. ಮುಧೋಳ ತಾಲೂಕಿನ ತಿಮ್ಮಾಪುರದವನು, ಕೋಸ್ಟ್ ಗಾರ್ಡಿನಲ್ಲಿ ತೋಪು, ಬಂದೂಕು ನೋಡಿಕೊಳ್ಳುವ ನಾವಿಕ, ನಾನೀಗ ಕೆಲಸ ಮಾಡುತ್ತಿರುವ ಹಡಗಿಗೆ ನೇಮಕವಾದವನು. ರಜೆಗೆ ಊರಿಗೆ ಹೊರಟಿದ್ದಾನೆ. ತೇರದಾಳದಲ್ಲಿ ಇಳಿದು ಕೊಟ್ಟು ಹೋಗುತ್ತೇನೆ ಎಂದ. ಫೋನಿನಲ್ಲಿ ನನ್ನ ಮಾತು ನಿಮಗೆ ಅರ್ಧ ಕೇಳುವುದಿಲ್ಲ. ಕೇಳಿದ ಅರ್ಧಕ್ಕೆ "ಹೂಂ" ಎಂದು ಫೋನನ್ನು ಅವ್ವನಿಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದಬಹುದು ಎಂಬ ಆಸೆ.

ಈ ಯಾರ್ಡಿಗೆ ಸೇರುತ್ತೇನೆ ಎಂದಾಗ ನೀವು ಅಂದದ್ದು ನನಗೆ ನೆನಪಿದೆ. "ಇರಿವಿ ತುಳದೀವೇನೋ ಅಂತ ನೆಲಾ ನೋಡ್ಕೋತ ನಡ್ಯೂ ಮಂದಿ ನಾವು. ನಮ್ಮ ಮಗಳು ಮಂದೀನ ಕೊಲ್ಲೂ ಹಡಗ ಕಟ್ಟಾಕ ಹೊಂಟಾಳು." ಆಮೇಲೆ ನಾನು ಊರಿಗೆ ಬಂದಾಗಲೆಲ್ಲ ಊಟವಾಯಿತೆ ಎಂದು ಕೇಳಿದ್ದೀರಿ, ಬಸ್ಸು ಎಷ್ಟಕ್ಕೆ ಎಂದು ಕೇಳಿದ್ದೀರಿ. ಕೆಲಸದ ಮಾತನ್ನು ಮಾತ್ರ ಒಮ್ಮೆಯೂ ಎತ್ತಿಲ್ಲ.

ಈಗ ನಾನೇ ಎತ್ತುತ್ತೇನೆ. ನೌಕಾಪಡೆ ನಿವೃತ್ತಿ ಕೊಟ್ಟ ಒಂದು ಯುದ್ಧನೌಕೆ ನಮ್ಮ ಯಾರ್ಡಿಗೆ ಬಂದಿದೆ. ಅದನ್ನು ಕೋಸ್ಟ್ ಗಾರ್ಡಿನ ಕಾವಲು ಹಡಗಾಗಿ ಮಾರ್ಪಡಿಸಬೇಕು. ಕ್ಷಿಪಣಿ ಹಾರಿಸುವ ಕೊಳವೆಗಳನ್ನು, ಟಾರ್ಪೆಡೊಗಳನ್ನು ಕಿತ್ತು ಹಾಕುತ್ತಿದ್ದೇವೆ. ಆ ಜಾಗದಲ್ಲಿ ಮುಳುಗುವವರನ್ನು ಎತ್ತಿಕೊಳ್ಳುವ ದೋಣಿ, ಗಾಯಾಳುಗಳಿಗೆ ಒಂದು ಕೋಣೆ, ಉರಿಯುವ ಹಡಗಿನ ಮೇಲೆ ನೀರು ಚಿಮ್ಮಿಸುವ ಯಂತ್ರ ಬರುತ್ತವೆ. ಹಡಗಿನ ಮೇಲಿನ ಅಟ್ಟದಲ್ಲಿ, ಅಂದರೆ ಡೆಕ್ಕಿನಲ್ಲಿ, ಯಾವುದು ಎಲ್ಲಿರಬೇಕು ಎಂದು ನಕ್ಷೆ ಮಾಡುವ ಕೆಲಸ ನನ್ನದು.

ಮೊದಲ ಕೊಳವೆಯನ್ನು ಕ್ರೇನು ಎತ್ತಿ ದಡಕ್ಕಿಳಿಸಿದಾಗ ನೀವು ಇಲ್ಲಿರಬೇಕಿತ್ತು ಅನ್ನಿಸಿತು.

ನಿಮ್ಮ ಮಗಳು,
ಭಾಗ್ಯಾ

*

ತೇರದಾಳ
30 ಜನವರಿ 2024

ಚಿ. ಭಾಗ್ಯಾಳಿಗೆ ಆಶೀರ್ವಾದ.

ಕಾಗದ ಕೊನೆಯವರೆಗೆ ಓದಿದೆ. ಅವ್ವನಿಗೂ ಓದಿ ಹೇಳಿದೆ.

ದುರಗೇಶ ಅಂಗಡಿಗೆ ಬಂದವನು ಚಪ್ಪಲಿ ಹೊರಗೆ ಬಿಟ್ಟು, ಗಾದಿಯ ಅಂಚಿನಲ್ಲಿ ಕುಳಿತ. ತನ್ನ ತಾಯಿಗೆ ಒಂದು ಸೀರೆ ಬೇಕೆಂದ. ನಿನ್ನ ಅಣ್ಣ ಯಶ ಬನಹಟ್ಟಿಯಿಂದ ಬಂದ ಹೊಸ ಗಂಟು ಬಿಚ್ಚಿದ. "ಅವ್ವಗ ಹಸರ ಸೇರತೈತ್ರಿ ಕಾಕಾ. ಅಂಚು ಮಾತ್ರ ದೊಡ್ಡದಿರಬೇಕು, ಇಲ್ಲಾಂದ್ರ ಬೈತಾಳು" ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಆರಿಸುವುದಕ್ಕೆ ಅರ್ಧ ಮಧ್ಯಾಹ್ನ ತೆಗೆದುಕೊಂಡ. ಇಷ್ಟು ನಿಧಾನವಾಗಿ ತಾಯಿಗೆ ಸೀರೆ ಆರಿಸುವ ಗಂಡಸನ್ನು ನಾನು ಕಂಡಿರಲಿಲ್ಲ.

ನಾನು ಕೇಳಿದೆ, "ಹಡಗದಾಗಿನ ತೋಪು ಎಲ್ಲಾ ತಗೀತಾರೇನಪಾ?"

ಅವನು ನಕ್ಕ. "ಎಲ್ಲಾ ತಗದ್ರ ನಾ ಏನ ಕೆಲಸಾ ಮಾಡ್ಲಿರಿ ಕಾಕಾ?"

ಹಾಗಾದರೆ ಉಳಿಯುತ್ತವೆ ಎಂದಾಯಿತು. ಎಷ್ಟು ಉಳಿಯುತ್ತವೆ ಎಂದು ಅವನನ್ನು ಕೇಳಲು ಸಂಕೋಚವಾಯಿತು. ನಿನ್ನನ್ನು ಕೇಳುತ್ತಿದ್ದೇನೆ.

ಅವ್ವ ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಅರ್ಧ ಅವನಿಗೆ ಕೊಡಬೇಕಂತೆ.

ಧರಣೇಂದ್ರ

*

ಯಾರ್ಡ್ ವಸತಿಗೃಹ
17 ಮಾರ್ಚ್ 2024

ಅಪ್ಪಾ,

ಕೇಳಿದ್ದೀರಿ, ಹೇಳುತ್ತೇನೆ. ಮುಂದೆ ಒಂದು ತೋಪು ಇರುತ್ತದೆ. ಅದನ್ನು ತೆಗೆಯಲು ಯಾರೂ ಒಪ್ಪುವುದಿಲ್ಲ. ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಮಷಿನ್ ಗನ್. ಅವುಗಳ ಹಿಂದೆ ನಿಲ್ಲುವವನಿಗೆ ಗುಂಡು ತಾಗದ ಹಾಗೆ ಸುತ್ತ ಎದೆಮಟ್ಟದ ಉಕ್ಕಿನ ಮರೆ. ಕಳ್ಳಸಾಗಣೆಯ ದೋಣಿಗಳು ಬರಿಗೈಯಲ್ಲಿ ಬರುವುದಿಲ್ಲವಂತೆ.

ಆದರೆ ಬಲಬದಿಯ ಗನ್ನಿನ ವಿಚಾರದಲ್ಲಿ ಒಂದು ಪೇಚು ಬಿದ್ದಿದೆ. ಎರಡನೆಯ ರಕ್ಷಣಾ ದೋಣಿಯನ್ನೂ ಅದನ್ನು ನೀರಿಗಿಳಿಸುವ ಕ್ರೇನನ್ನೂ ಅದೇ ಜಾಗದಲ್ಲಿ ನಿಲ್ಲಿಸಬೇಕು. ಮೇಲಿನ ಭಾರ ಹೆಚ್ಚಿದರೆ ಹಡಗು ಅಲೆಗೆ ಜಾಸ್ತಿ ಹೊಯ್ದಾಡುತ್ತದೆ. ಸದ್ಯದ ನಕ್ಷೆಯಲ್ಲಿ ಗನ್ನು ಇದೆ, ದೋಣಿ ಒಂದೇ ಇದೆ. ಗನ್ನು, ಅದರ ಮರೆ ಎರಡನ್ನೂ ತೆಗೆದರೆ ದೋಣಿ ಎರಡಾಗುತ್ತವೆ. ಬದಲಾಯಿಸಬೇಕೆಂದರೆ ನಾನು ಕಾರಣ ಕೊಟ್ಟು ಅಧಿಕಾರಿಗಳನ್ನು ಒಪ್ಪಿಸಬೇಕು. ಇನ್ನೂ ಯೋಚಿಸುತ್ತಿದ್ದೇನೆ.

ಹೋಳಿಗೆ ದುರಗೇಶನಿಗೆ ಅರ್ಧಕ್ಕಿಂತ ಹೆಚ್ಚೇ ಹೋಯಿತು. ಕೊಟ್ಟದ್ದಲ್ಲ, ಅವನೇ ತೆಗೆದುಕೊಂಡದ್ದು.

ಭಾಗ್ಯಾ

*

ತೇರದಾಳ
9 ಏಪ್ರಿಲ್ 2024

ಭಾಗ್ಯಾ,

ನಿನ್ನ ಕಾಗದ ಬಂದಾಗಿನಿಂದ ಆ ಬಲಬದಿಯ ಜಾಗವೇ ಕಣ್ಣಮುಂದೆ ನಿಂತಿದೆ. ನಾನು ಸಮುದ್ರವನ್ನು ಕಂಡದ್ದು ಒಂದೇ ಸಲ. ಆದರೂ ಅದು ಕಾಣುತ್ತದೆ.

ಬಸದಿಗೆ ಬಂದಿದ್ದ ಮುನಿ ಮಹಾರಾಜರು ಹಿಂಸೆಯಲ್ಲಿ ನಾಲ್ಕು ಬಗೆ ಎಂದು ಹೇಳಿದರು. ನಾಲ್ಕನೆಯದು ವಿರೋಧಿ ಹಿಂಸೆ. ಮೈಮೇಲೆ ಬಂದವನನ್ನು ತಡೆಯುವುದಕ್ಕಾಗಿ ಮಾಡಬೇಕಾಗಿ ಬರುವುದು. ಸಂಸಾರಿಗಳಿಗೆ ಅದನ್ನು ಪೂರ್ತಿ ಬಿಡಲಾಗದು, ಶಾಸ್ತ್ರವೂ ಬಿಡು ಎನ್ನುವುದಿಲ್ಲ ಎಂದರು. ಈ ಮಾತು ನನಗೆ ಮೊದಲೂ ಗೊತ್ತಿತ್ತು. ನಿನಗೆ ಹೇಳದೆ ಇಟ್ಟುಕೊಂಡರೆ ತಪ್ಪಾಗುತ್ತದೆ ಎಂದು ಬರೆದೆ.

ಆದರೂ ನನ್ನನ್ನು ಕೇಳಿದರೆ ದೋಣಿಯೇ ಸರಿ. ನಿನ್ನ ಕೈಯಿಂದ ಜಗತ್ತಿನಲ್ಲಿ ಒಂದು ಬಂದೂಕು ಕಡಿಮೆಯಾದರೆ ಅದು ಸಣ್ಣ ಮಾತೆ? ಅದನ್ನು ತೆಗೆಸು. ತೆಗೆಸಿದರೆ ನಾನೇ ಬಂದು ಆ ಹಡಗು ಹತ್ತುತ್ತೇನೆ. ನಿನ್ನ ಕೆಲಸ ಏನೆಂದು ಕಣ್ಣಾರೆ ನೋಡುತ್ತೇನೆ.

ಅವ್ವ ಪಕ್ಕದಲ್ಲಿ ನಿಂತು, "ಆಕೀ ಕೆಲಸದಾಗ ನೀವ್ಯಾಕ ಕೈ ಹಾಕ್ತೀರಿ?" ಎನ್ನುತ್ತಿದ್ದಾಳೆ. ಅದನ್ನೂ ಬರೆಯಿರಿ ಎಂದಳು, ಬರೆದಿದ್ದೇನೆ.

ಧರಣೇಂದ್ರ

*

ಯಾರ್ಡ್ ವಸತಿಗೃಹ
20 ಜೂನ್ 2024

ಅಪ್ಪಾ,

ಒಪ್ಪಿದರು. ಬಲಬದಿಯ ಗನ್ನು ಇಲ್ಲ, ಮರೆಯೂ ಇಲ್ಲ. ದೋಣಿ ಎರಡು.

ಸಭೆಯಲ್ಲಿ ನಾನು ಚೆನ್ನಾಗಿಯೇ ವಾದ ಮಾಡಿದೆ. ಇಂಥ ಹಡಗು ವರ್ಷದಲ್ಲಿ ಗುಂಡು ಹಾರಿಸುವುದು ಅಪರೂಪ, ಜನರನ್ನು ನೀರಿನಿಂದ ಎತ್ತುವುದು ಪದೇ ಪದೇ ಎಂದೆ. ಒಂದೇ ದೋಣಿಯಿದ್ದು ಅದು ಕೆಟ್ಟರೆ ಏನು ಗತಿ ಎಂದು ಕೇಳಿದೆ. ನನ್ನ ಲೆಕ್ಕದಲ್ಲಿ ಯಾರೂ ತಪ್ಪು ಹುಡುಕಲಿಲ್ಲ.

ದುರಗೇಶನೊಬ್ಬ ಹೊರಗೆ ಸಿಕ್ಕಾಗ ಕೇಳಿದ, "ಮೇಡಂ, ಬಲಕ್ಕ ಹಿಂದಿನಿಂದ ಯಾರರ ಬಂದ್ರ ನಾವ್ ಏನ್ ಹಿಡಕೊಂಡು ನಿಂದ್ರೂದ್ರಿ?"

"ಹಿಂದಿನಿಂದ ಬರೂರು ಮುಳಗೂ ಮಂದಿ ಇರ್ತಾರ ದುರಗೇಶ. ಕೈ ಹಿಡಕೊಂಡು ನಿಂದ್ರು" ಎಂದೆ. ಜೊತೆಗಿದ್ದವರೆಲ್ಲ ನಕ್ಕರು. ಅವನೂ ನಕ್ಕ.

ಹಡಗು ನವೆಂಬರಿನಲ್ಲಿ ನೀರಿಗಿಳಿಯುತ್ತದೆ. ನೀವು ಮಾತು ಕೊಟ್ಟಿದ್ದೀರಿ.

ಭಾಗ್ಯಾ

*

ತೇರದಾಳ
3 ಡಿಸೆಂಬರ್ 2024

ಭಾಗ್ಯಾ,

ಸುಖವಾಗಿ ಬಂದು ಮುಟ್ಟಿದೆವು. ಅವ್ವ ಬೆಳಗಾವಿಯವರೆಗೂ ಸಮುದ್ರದ ಮಾತೇ ಆಡಿದಳು, ಆಮೇಲೆ ನಿದ್ದೆ ಹೋದಳು.

ಹಡಗಿಗೆ ಹಾಕಿದ್ದ ಆ ಇಳಿಜಾರು ಸೇತುವೆಯ ಮೇಲೆ ನಾನು ಅರ್ಧಕ್ಕೇ ನಿಂತಾಗ ದುರಗೇಶ ಮೊಣಕೈ ಹಿಡಿದು, "ಕೆಳಗ ನೋಡಬ್ಯಾಡ್ರಿ ಕಾಕಾ, ನನ್ನ ಮಾರಿ ನೋಡ್ರಿ" ಎಂದ. ಅವನ ಮುಖ ನೋಡುತ್ತಲೇ ಹತ್ತಿದೆ. ನೀನು ಬಲಬದಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಿತ್ತಳೆ ಬಣ್ಣದ ದೋಣಿ, ಅದರ ಪಕ್ಕ ಬರೀ ಕಂಬಿಗಳ ಕಟಾಂಜನ, ಅದರಾಚೆ ಬರೀ ನೀರು. ಬಂದೂಕು ಇದ್ದಿರಬಹುದಾದ ಜಾಗದಲ್ಲಿ ನಿಂತು ಣಮೋಕಾರ ಮಂತ್ರ ಹೇಳಿಕೊಂಡೆ. ನಿನಗೆ ಕೇಳಿಸಿತೋ ಇಲ್ಲವೋ ತಿಳಿಯದು.

ನಿನ್ನ ಬಗ್ಗೆ ಹೆಮ್ಮೆಯಾಯಿತು ಎಂದು ಅಲ್ಲಿ ಅಂದೆನೋ ಇಲ್ಲವೋ ನೆನಪಾಗುತ್ತಿಲ್ಲ. ಅನ್ನದಿದ್ದರೆ ಈಗ ಅಂದೆ ಎಂದು ತಿಳಿ.

ಧರಣೇಂದ್ರ

*

ತೇರದಾಳ
2 ಫೆಬ್ರುವರಿ 2025

ಭಾಗ್ಯಾ,

ನಿನ್ನ ಹಡಗು ಮೀನುಗಾರರನ್ನು ಉಳಿಸಿದ ಸುದ್ದಿಯನ್ನು ಯಶ ಮೊಬೈಲಿನಲ್ಲಿ ತೋರಿಸಿದ. ದೋಣಿ ಮಗುಚಿ ನೀರಿಗೆ ಬಿದ್ದವರು ಎರಡು ಕಡೆ ಚದುರಿ ಹೋಗಿದ್ದರಂತೆ. ಎರಡು ರಕ್ಷಣಾ ದೋಣಿ ಇದ್ದುದರಿಂದ ಎಲ್ಲರೂ ಸಿಕ್ಕರು ಎಂದು ಬರೆದಿತ್ತು. ಎರಡು ಎಂಬ ಮಾತನ್ನು ಯಶನಿಂದ ಮತ್ತೆ ಓದಿಸಿದೆ.

ಪೇಢೆ ತಂದು ಬಸದಿಯ ಮುಂದೆ ಹಂಚಿದೆ. ಯಾರೂ ಏನೂ ಕೇಳದಿದ್ದರೂ ಹೇಳಿದೆ. ಬಂದೂಕು ತೆಗೆಸಿ ದೋಣಿ ಇಡಿಸಿದವಳು ನನ್ನ ಮಗಳು ಎಂದೆ. ಇಷ್ಟು ವರ್ಷ "ಮಗಳು ಏನ್ ಮಾಡ್ತಾಳ್ರಿ?" ಎಂದರೆ ಮಾತು ತೇಲಿಸುತ್ತಿದ್ದವನು ನಾನು. ಮೊನ್ನೆ ಗಂಟಲು ಕಟ್ಟುವವರೆಗೆ ಹೇಳಿದೆ.

ದುರಗೇಶನಿಗೆ ನನ್ನ ಆಶೀರ್ವಾದ ತಿಳಿಸು. ದೋಣಿ ಇಳಿಸಿದವರಲ್ಲಿ ಅವನೂ ಇದ್ದಿರಬೇಕು.

ಧರಣೇಂದ್ರ

*

ಯಾರ್ಡ್ ವಸತಿಗೃಹ
19 ಮಾರ್ಚ್ 2025

ಅಪ್ಪಾ,

ದುರಗೇಶನಿಗೆ ಗುಂಡು ತಗುಲಿದೆ. ಜೀವಕ್ಕೆ ಅಪಾಯವಿಲ್ಲ. ಬಲಗೈಯನ್ನು ಮೊಣಕೈ ಮೇಲೆ ತೆಗೆಯಬೇಕಾಯಿತು.

ಮಧ್ಯಾಹ್ನ, ಒಳ್ಳೆಯ ಬೆಳಕಿತ್ತಂತೆ. ಅನುಮಾನ ಬಂದ ಒಂದು ಟ್ರಾಲರನ್ನು ನಿಲ್ಲಿಸಲು ಹೇಳಿದ್ದಾರೆ. ಅದು ನಿಲ್ಲುವ ಹಾಗೆ ಮಾಡಿ, ತಟ್ಟನೆ ತಿರುಗಿ ಹಡಗಿನ ಹಿಂದಕ್ಕೆ, ಬಲಬದಿಗೆ ಬಂದಿದೆ. ಮುಂದಿನ ತೋಪು ಆ ಕಡೆಗೆ ತಿರುಗುವುದಿಲ್ಲ. ಎಡಬದಿಯ ಗನ್ನು ಇನ್ನೊಂದು ಮಗ್ಗುಲಲ್ಲಿದೆ. ದುರಗೇಶ ರೈಫಲ್ ಹಿಡಿದು ಕಟಾಂಜನಕ್ಕೆ ಒರಗಿ ನಿಂತಿದ್ದಾನೆ. ನೀವು ನಿಂತು ನೋಡಿದ ಜಾಗ ಅದು.

ಅವನ ತಾಯಿಗೆ ಪಡೆಯವರು ತಿಳಿಸಿದ್ದಾರೆ.

ಬೇರೆ ಏನೂ ಬರೆಯಲಾರೆ.

ಭಾಗ್ಯಾ

*

ಯಾರ್ಡ್ ವಸತಿಗೃಹ
24 ಏಪ್ರಿಲ್ 2025

ಅಪ್ಪಾ,

ನಿಮ್ಮಿಂದ ಕಾಗದ ಬಂದಿಲ್ಲ. ಫೋನಿನಲ್ಲಿ ಅವ್ವ, "ಅವರು ಅಂಗಡೀಗೂ ಹೋಗವಲ್ರು, ಮಾತೂ ಆಡವಲ್ರು" ಎಂದಳು. ನಾನು ಇದನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ವಿಚಾರಣೆ ಮುಗಿಯಿತು. ನನ್ನನ್ನೂ ಕರೆದಿದ್ದರು. ನಕ್ಷೆಯಲ್ಲಿ ದೋಷವಿಲ್ಲ, ಎಲ್ಲರೂ ಒಪ್ಪಿ ಮಾಡಿದ್ದು, ಉಕ್ಕಿನ ಮರೆಯಿದ್ದರೂ ಗುಂಡು ತಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾಗದು ಎಂದರು. ಹೊರಗೆ ಬಂದಾಗ ಒಬ್ಬ ಹಿರಿಯ ಅಧಿಕಾರಿ ಹೆಗಲು ತಟ್ಟಿ, ನಿಮ್ಮ ದೋಣಿ ಹನ್ನೊಂದು ಜನರನ್ನು ಉಳಿಸಿದೆ, ಅದನ್ನು ನೆನಪಿಡಿ ಎಂದರು. ನೆನಪಿಟ್ಟಿದ್ದೇನೆ. ಅದರಿಂದ ಇದು ಹಗುರಾಗುತ್ತಿಲ್ಲ.

ಅವರಿಗೆ ತಿಳಿಯದ್ದು ಒಂದಿದೆ. ಹಿಂದಿನ ವರ್ಷ ಮೇ ತಿಂಗಳಲ್ಲಿ, ಸಭೆಗೆ ಮೊದಲು, ನನಗೆ ಇನ್ನೊಂದು ದಾರಿ ಹೊಳೆದಿತ್ತು. ಹಗ್ಗ, ಸರಪಳಿ ಇಡುವ ಕಬ್ಬಿಣದ ಕಪಾಟನ್ನು ಕೆಳಗಿನ ಅಟ್ಟಕ್ಕೆ ಸರಿಸಿದರೆ ದೋಣಿಯ ಮುಂದೆ ಒಬ್ಬ ನಿಲ್ಲುವಷ್ಟು ಜಾಗ ಸಿಗಬಹುದಿತ್ತು. ಗನ್ನು ಇಲ್ಲದಿದ್ದರೂ ಮರೆಯಾದರೂ ಹಿಡಿಸಬಹುದಿತ್ತು. ಹೊಳೆಯಿತು, ಆದರೆ ನಾನು ಪೆನ್ಸಿಲ್ ಎತ್ತಲಿಲ್ಲ. ಏಕೆ ಎಂದು ಈಗ ದಿನವೂ ಕೇಳಿಕೊಳ್ಳುತ್ತೇನೆ. ಗೀಚಿ ನೋಡಿದ್ದರೆ ಅದು ಸಾಧ್ಯ ಎಂದು ತಿಳಿದುಬಿಡುತ್ತಿತ್ತು. ಸಾಧ್ಯವಿದ್ದರೆ ಅಧಿಕಾರಿಗಳು ಅಲ್ಲಿ ಗನ್ನನ್ನೂ ಉಳಿಸಿ ಎನ್ನುತ್ತಿದ್ದರು. ಆಗ ನಿಮಗೆ "ತೆಗೆಸಿದೆ" ಎಂದು ಬರೆಯಲು ಆಗುತ್ತಿರಲಿಲ್ಲ. ನೀವು ಬರುತ್ತಿರಲಿಲ್ಲ.

ಸಭೆಯಲ್ಲಿ ಹೇಳಿದ ಕಾರಣಗಳೆಲ್ಲ ನಿಜವಾದವು. ನನ್ನ ಕಾರಣ ಮಾತ್ರ ಅವುಗಳಲ್ಲಿ ಇರಲಿಲ್ಲ.

ಅವನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಿನವರೆಗೆ ಹೋದೆ. ಅವನು ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಅರ್ಧ ಹಾಸಿಗೆಯ ಮೇಲೆ ಬೀಳುತ್ತಿತ್ತು. ಒಳಗೆ ಹೋಗಲಾಗಲಿಲ್ಲ. ತಿರುಗಿ ಬಂದೆ.

ಭಾಗ್ಯಾ

*

ತೇರದಾಳ
18 ಮೇ 2025

ಭಾಗ್ಯಾ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಎರಡೂ ಕಾಗದ ದಿಂಬಿನ ಕೆಳಗಿವೆ.

ನಿನ್ನ ಪಾಲಿನದನ್ನು ನೀನು ಹೇಳಿದೆ. ನನ್ನದು ಅದಕ್ಕಿಂತ ಹಿಂದಿನದು. ವಿರೋಧಿ ಹಿಂಸೆಯ ಮಾತು ಗೊತ್ತಿದ್ದೂ, ಅದನ್ನು ನಿನಗೆ ಬರೆದೂ, ಅದರ ಕೆಳಗಿನ ಸಾಲಿನಲ್ಲೇ "ತೆಗೆಸು" ಎಂದೆ. ಆ ಜಾಗದಲ್ಲಿ ಒಬ್ಬ ಮನುಷ್ಯ ನಿಲ್ಲುತ್ತಾನೆ ಎಂದು ನೀನು ತಿಳಿಸಿದ್ದೆ. ನನ್ನ ಕಣ್ಣಿಗೆ ಬಂದೂಕು ಕಂಡಿತು, ಮನುಷ್ಯ ಕಾಣಲಿಲ್ಲ. ಅವನು ನನ್ನ ಅಂಗಡಿಯಲ್ಲಿ ಕುಳಿತು ಸೀರೆ ಆರಿಸಿ ಹೋದವನೇ ಆಗಿದ್ದ. ಮಗಳನ್ನು ನೋಡಲು ಬರುವುದಕ್ಕೆ ನಾನು ಷರತ್ತು ಹಾಕಬಾರದಿತ್ತು. ಅವ್ವ ಆಗಲೇ ಹೇಳಿದ್ದಳು.

ದುರಗೇಶ ಊರಿಗೆ ಬಂದಿದ್ದಾನೆ ಎಂದು ತಿಳಿದು ತಿಮ್ಮಾಪುರಕ್ಕೆ ಹೋದೆ. ಮುಧೋಳದಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗೋಣವೆಂದು ತೇರದಾಳದ ಬಸ್ಸು ಹತ್ತಿ ಕುಳಿತಿದ್ದೆ. ಕಂಡಕ್ಟರ್ ಟಿಕೇಟು ಕೇಳಿದಾಗ ಇಳಿದೆ.

ಅವನ ತಾಯಿ ಅನಸವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಾಗಿಲಲ್ಲಿ ಒಂದು ಸೊರಗಿದ ನಡುವಿನ, ಉದ್ದ ಮುಸುಡಿಯ ನಾಯಿ. ಅದು ಎದ್ದು ನಿಂತಿತು, ಬೊಗಳಲಿಲ್ಲ. "ತೇರದಾಳದ ಕಾಕಾರೇನ್ರಿ? ಸೀರಿ ಅಂಗಡಿಯವ್ರು? ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದರು. ಚಹಾ ತಂದರು. ನಾನು ಹೊರಗೆ ಕುಡಿಯುವುದಿಲ್ಲ ಎಂದೆ. ಲೋಟ ಸುಮ್ಮನೆ ಒಳಗೆ ಒಯ್ದರು.

ದುರಗೇಶ ಹೊರಗೆ ಬಂದ. ಅಂಗಿಯ ಬಲ ತೋಳನ್ನು ಮಡಚಿ ಪಿನ್ನು ಹಾಕಿದ್ದ. ನನ್ನನ್ನು ಕಂಡು ಅವನಿಗೆ ಸಂತೋಷವಾಯಿತು, ಭಾಗ್ಯಾ. ಅದನ್ನು ನೋಡಿದ ಮೇಲೆ ಹೇಳದೆ ಇರಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ನಾನು ನಿನಗೆ ಬರೆದದ್ದು, ನೀನು ತೆಗೆಸಿದ್ದು, ನಾನು ಬಸದಿಯಲ್ಲಿ ಪೇಢೆ ಹಂಚಿದ್ದು. ಕಪಾಟಿನ ಮಾತನ್ನೂ ಹೇಳಿದೆ. ಅದು ನಿನ್ನದು, ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ, ಕ್ಷಮಿಸು.

ಅವನು ನಾಯಿಯ ಬೆನ್ನು ಸವರಿದ. ಆಮೇಲೆ ಅಂದ, "ಅಂದ್ರ ನನ್ನ ಕೈ ನಿಮ್ಮ ಧರ್ಮಕ್ಕ ಹೋತೇನ್ರಿ ಕಾಕಾ?"

ನಾನು ಕೈ ಮುಗಿದೆ.

"ವೈರಿ ಗುಂಡಿಗೆ ಹೋತು ಅಂತ ತಿಳಕೊಂಡಿದ್ದೆ. ಅದರಾಗ ಒಂದು ಮರ್ಯಾದಿ ಇತ್ರಿ. ಅದನ್ನೂ ಕಸಗೊಂಡ್ರಿ" ಎಂದು ಎದ್ದು ಒಳಗೆ ಹೋದ.

ಅನಸವ್ವ ಮೊರ ಕೆಳಗಿಟ್ಟು, "ಈಗ ನೀವು ಹೋಗ್ರಿ" ಎಂದರು. ಗಟ್ಟಿಯಾಗಿ ಅನ್ನಲಿಲ್ಲ. ನಾನು ಬೀದಿಗೆ ಬಂದಾಗ ಅವನು ಮತ್ತೆ ಬಾಗಿಲಿಗೆ ಬಂದಿದ್ದ. ನನ್ನ ಕಿವಿ ಮಂದವೆಂದು ಅವನಿಗೆ ಗೊತ್ತು. ಕೂಗಿ ಹೇಳಿದ: "ಮೇಡಂಗ ಹೇಳ್ರಿ. ದೋಣಿ ತಗೀಬ್ಯಾಡಂತ ಹೇಳ್ರಿ. ಆದ್ರ ಈಗ ಅಲ್ಲೆ ನಿಂದ್ರೂ ಹುಡುಗಗ ಏನರ ಅಡ್ಡ ಹಾಕಿ ಕೊಡ್ಲಿ. ಕಪಾಟ ಸರಸಾಕ ಬರತಿತ್ತಂದ್ರ ಸರಸ್ಲಿ."

ಓಣಿಯ ಜನರೆಲ್ಲ ಕೇಳಿದರು.

ಅವನು ಹೇಳಿದ್ದನ್ನು ಮಾಡು, ಭಾಗ್ಯಾ. ಅಲ್ಲಿ ಮರೆಯ ಜೊತೆ ಬಂದೂಕನ್ನೂ ಇಡುತ್ತೇವೆ ಎಂದರೆ ಇಡಲಿ. ನನಗಾಗಿ ಒಂದೂ ಗೆರೆ ಎಳೆಯಬೇಡ, ನನಗಾಗಿ ಒಂದೂ ಗೆರೆ ಬಿಡಬೇಡ.

ಧರಣೇಂದ್ರ

*

ಯಾರ್ಡ್ ವಸತಿಗೃಹ
30 ಜುಲೈ 2025

ಅಪ್ಪಾ,

ನೀವು ಹೇಳಿಬಿಟ್ಟಿರಿ ಎಂದು ಓದಿದಾಗ ಮೊದಲು ಸಿಟ್ಟು ಬಂತು. ಎರಡು ದಿನ ಇತ್ತು. ನಾನು ಬಾಗಿಲಿನಿಂದ ತಿರುಗಿ ಬಂದವಳು ಎಂಬುದು ನೆನಪಾದ ಮೇಲೆ ಇಳಿಯಿತು.

ಅಧಿಕಾರಿಗಳ ಮುಂದೆ ಹೋಗಿ ಕಪಾಟಿನ ವಿಷಯ ಹೇಳಿದೆ. ಮೊದಲೇ ಹೊಳೆದಿತ್ತು, ಪರೀಕ್ಷಿಸದೆ ಬಿಟ್ಟೆ ಎಂದೂ ಹೇಳಿದೆ. ಮುಖ್ಯಸ್ಥರು ಕೇಳಿ ಬರೆದುಕೊಂಡರು. ಮುಂದಿನ ಹಡಗಿನ ಕೆಲಸವನ್ನು ನನಗೆ ಕೊಡಬೇಕೆಂದಿದ್ದವರು ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ಅದು ಸರಿಯೇ.

ಮಳೆಗಾಲದ ದುರಸ್ತಿಗೆ ಹಡಗು ಬಂದಿತ್ತು. ಕಪಾಟು ಸರಿಸಿದೆವು. ಬೆಸುಗೆ ಹಾಕಿ ಬಲಬದಿಯಲ್ಲಿ ಉಕ್ಕಿನ ಮರೆ ನಿಲ್ಲಿಸಿದೆವು. ಹಿಂದೆ ಗನ್ನೂ ಬಂತು. ದೋಣಿ ಅಲ್ಲೇ ಇದೆ. ಹಡಗಿನ ಹೊಯ್ದಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಎಲ್ಲ ಸೇರಿ ಒಂದು ವಾರವೂ ಹಿಡಿಯಲಿಲ್ಲ, ಅಪ್ಪಾ.

ಮರೆಯ ಹಿಂದೆ ನಿಂತು ನೋಡಿದೆ. ನನ್ನ ಎದೆಯವರೆಗೆ ಬರುತ್ತದೆ. ದುರಗೇಶನಿಗೆ ಹೊಟ್ಟೆಯಿಂದ ಸ್ವಲ್ಪ ಮೇಲೆ ಬರುತ್ತಿತ್ತು. ಅವನ ಮೊಣಕೈ ಎಲ್ಲಿರುತ್ತಿತ್ತು ಎಂದು ಅಳೆದು ನೋಡಬಾರದೆಂದುಕೊಂಡೇ ಹೋಗಿದ್ದೆ. ನೋಡಿದೆ. ಅಂಚಿನ ಒಳಗೂ ಇರಬಹುದು, ಹೊರಗೂ ಇರಬಹುದು. ತಿಳಿಯುವುದೇ ಇಲ್ಲ.

ಅವನಿಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಭಾಗ್ಯಾ

*

ತೇರದಾಳ
10 ಸೆಪ್ಟೆಂಬರ್ 2025

ಭಾಗ್ಯಾ,

ದಶಲಕ್ಷಣ ಪರ್ವ ಮುಗಿಯಿತು. ಕ್ಷಮಾವಾಣಿಯ ದಿನ ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿರಿ ಎಂದರು. ನಾನೂ ಪ್ರತಿ ವರ್ಷ ಅಂದವನೇ. ಈ ಸಲ "ತಿಳಿಯದೆ" ಎಂಬಲ್ಲಿಗೆ ಬಂದು ನಾಲಿಗೆ ನಿಂತಿತು.

ಆ ಪೇಢೆ ತಿಂದವರನ್ನೆಲ್ಲ ನಿಲ್ಲಿಸಿ ಉಳಿದ ಕಥೆಯನ್ನೂ ಹೇಳಿದೆ. ಕೆಲವರು ನಿನ್ನ ಮಗಳದೇನು ತಪ್ಪು ಎಂದರು. ಕೆಲವರು ಎಲೆಯಡಿಕೆ ಚೀಲ ತಡಕಾಡಿದರು. ಒಬ್ಬರು, "ಹನ್ನೊಂದು ಜೀವಾ ಒಂದು ಕೈ, ಲೆಕ್ಕಾ ಲಾಭದಾಗ ಐತಲ್ಲೋ ಧರಣೇಂದ್ರ" ಎಂದರು. ಅವರ ಜೊತೆ ಮಾತು ಬಿಟ್ಟಿದ್ದೇನೆ.

ಗುರುವಾರ ಅಂಗಡಿಯನ್ನು ಯಶನಿಗೆ ಬಿಟ್ಟು ತಿಮ್ಮಾಪುರಕ್ಕೆ ಹೋಗುತ್ತೇನೆ. ಆವತ್ತಿನಿಂದಲೂ ಹೋಗುತ್ತಿದ್ದೇನೆ, ನಿನಗೆ ಬರೆದಿರಲಿಲ್ಲ. ಅವನು ಮಾತಾಡಿಸುವುದಿಲ್ಲ. ಅನಸವ್ವ ಹೋಗಿರಿ ಎನ್ನುವುದನ್ನು ಬಿಟ್ಟಿದ್ದಾರೆ. ಚಹಾ ಕೊಟ್ಟರೆ ಈಗ ಕುಡಿಯುತ್ತೇನೆ. ಅವ್ವನಿಗೆ ಇದು ಗೊತ್ತು. ನೀನೂ ತಿಳಿದಿರು.

ಅಲ್ಲಿ ಕುಳಿತು ಏನು ಮಾಡುತ್ತೀರಿ ಎಂದು ಕೇಳಿದರೆ, ಏನೂ ಇಲ್ಲ.

ಧರಣೇಂದ್ರ

*

ತಿಮ್ಮಾಪುರ
23 ನವೆಂಬರ್ 2025

ಭಾಗ್ಯಾ ಮೇಡಂ ಅವರಿಗೆ ದುರಗೇಶ ಬರಿಯೂದು.

ನಿಮ್ಮ ಕಾಗದ ಯಾವಾಗೋ ಬಂದೈತ್ರಿ. ಎಡಗೈಲೆ ಬರಿಯೂದು ಕಲತ ಮ್ಯಾಲ ಬರೀಬೇಕಂತ ಬಿಟ್ಟಿದ್ದೆ. ಬ್ಯಾರೇದವರ ಕಡಿಂದ ಬರಸೂದು ಮನಸಿಗೆ ಬರಲಿಲ್ಲ. ಅಕ್ಷರ ಸೊಟ್ಟ ಅದಾವು, ಹೊಂದಿಸಿ ಓದಿಕೋರಿ.

ನೀವು ಆಸ್ಪತ್ರಿ ಬಾಗಿಲದಾಗ ನಿಂತು ಹೋದದ್ದು ನಾ ನೋಡೀನ್ರಿ. ಒಳಗ ಬರ್ತಾರಂತ ತಾಟು ಬಾಜೂಕ ಇಟ್ಟು ಅಂಗಿ ಸರಿ ಮಾಡಿಕೊಂಡಿದ್ದೆ. ಉಕ್ಕಿನ ಮರೆ ಇರಲಿಲ್ಲ ಅನ್ನೂದಕಿಂತ ಅದು ಭಾಳ ದಿನಾ ಮನಸಿಗೆ ಚುಚ್ಚತಿತ್ತು.

ಈಗ ಮರೆ ಹಾಕೀರಂತ ಹಡಗದಾಗಿನ ಗೆಳ್ಯಾ ರೇವಪ್ಪ ಫೋಟೋ ಕಳಿಸ್ಯಾನ. ಛಲೋ ಆಗೇತಿ. ಅದರ ಹಿಂದ ಈಗ ಅವನೇ ನಿಂದ್ರತಾನು. ಅವಗ ಹೋದ ತಿಂಗಳ ಮಗಳು ಹುಟ್ಯಾಳು. ಪಡಿಯವ್ರು ನನಗ ಆಫೀಸದಾಗ ಕೂಡೂ ಕೆಲಸಾ ಕೊಡ್ತೀವಂತ ಹೇಳ್ಯಾರು. ಹೋಗ್ಲೋ ಬ್ಯಾಡೋ ಇನ್ನೂ ತಿಳೀವಲ್ದು. ಸಮುದ್ರದ ಕಡೆ ಬೆನ್ನ ಮಾಡಿ ಕುಂದ್ರೂದಾದ್ರ ಊರಾಗಿರೂದ ಛಲೋ ಅನಸತೈತಿ.

ನೀವು ಕ್ಷಮಾ ಕೇಳೀರಿ. ಕೊಡಾಕ ನನ್ನ ಕಡೆ ಇಲ್ರಿ. ಸಿಟ್ಟಿಲೆ ಹೇಳವಲ್ನಿ. ಹುಡಿಕ್ಯಾಡಿ ನೋಡೇನಿ, ಸಿಗವಲ್ದು. ಮುಂದ ಸಿಕ್ಕರ ತಿಳಸ್ತೀನಿ.

ನಿಮ್ಮ ಅಪ್ಪಾರು ಗುರುವಾರಕ್ಕೊಮ್ಮೆ ಬರ್ತಾರು. ಅಂಗಳದಾಗ ಕಂಬಳಿ ಮ್ಯಾಲ ಕುಂದರ್ತಾರು. ನಾ ಮಾತಾಡಸೂದಿಲ್ಲ, ಅವರೂ ಮಾತಾಡೂದಿಲ್ಲ. ಅವ್ವ ಜೋಳ ಹಸನ ಮಾಡೂ ಮುಂದ ಅವರೂ ಒಂದು ಮೊರ ತಗೊಂಡು ಕಲ್ಲು ಆರಸ್ತಾರು. ಹುಳಾ ಸಿಕ್ರ ಒಂದೊಂದ ಎತ್ತಿ ಗಿಡದ ಬುಡಕ ಬಿಟ್ಟು ಬರ್ತಾರು. ಮೊದಲ ಅದನ್ನ ನೋಡಿದ್ರ ಮೈ ಉರೀತಿತ್ತು. ಹುಳಕ್ಕ ದಯಾ ಐತಿ, ನನಗ ಇರಲಿಲ್ಲೇನ ಅಂತ. ಹೊತ್ತ ಮುಣಗೂದರೊಳಗ ಊಟಕ್ಕ ಮನಿ ಮುಟ್ಟಬೇಕಂತ ನಾಕರ ಬಸ್ಸಿಗೆ ಹೊಳ್ಳಿ ಹೋಗ್ತಾರು.

ಮೊನ್ನಿ ಗುರುವಾರ ಅವರು ಬರಲಿಲ್ಲ. ಮುಂದಿನ ಬಸ್ಸಿಗೆ ಬರಬಹುದಂತ ಅವ್ವ ಅಂದ್ಲು. ಅದಕ್ಕೂ ಬರಲಿಲ್ಲ. ಆವಾಗ ನೋಡಿಕೊಂಡೇನ್ರಿ, ನಾ ಎದ್ದು ಹೋಗಿ ರಸ್ತೆದಾಗ ನಿಂತಿದ್ದೆ.

ಇದನ್ನ ಓದಿ ಎಲ್ಲಾ ಸರಿ ಹೋತಂತ ತಿಳಕೋಬ್ಯಾಡ್ರಿ. ಅವರಿಗೆ ಆರಾಮಿಲ್ಲೇನು, ಅಷ್ಟ ಕೇಳಿ ತಿಳಸ್ರಿ.

ದುರಗೇಶ